ಸಣ್ಣ ಗಾಡಿಗೆ ಇಷ್ಟು ರೊಕ್ಕ ಯಾಕ?

ರಾಯಚೂರು ಜಿಲ್ಲೆಯಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಕೊಟ್ಟು ಸಣ್ಣ ಕಾರು ಕೊಂಡವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಪೆಟ್ರೋಲ್ ಬಂಕಿನ ಹುಡುಗ ಕೇಳುತ್ತಾನೆ, ಪಂಕ್ಚರ್ ಅಂಗಡಿಯವ ಕೇಳುತ್ತಾನೆ, ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೂರದ ಮಾವ ಹೋಳಿಗೆ ಮುರಿಯುತ್ತ ಕೇಳುತ್ತಾನೆ: “ಇಷ್ಟು ರೊಕ್ಕ ಕೊಟ್ಟು ಸಣ್ಣ ಗಾಡಿ ಯಾಕ ತಗೊಂಡಿಯವ್ವಾ? ಮ್ಯಾಲ ಇನ್ನೊಂದು ಲಕ್ಷ ಹಾಕಿದ್ರ ದೊಡ್ಡ ಗಾಡೀನ ಬರ್ತಿತ್ತಲ್ಲ.” ಮೂರು ವರ್ಷದಿಂದ ನಕ್ಕು ಸುಮ್ಮನಾಗುತ್ತಿದ್ದೆ. ಇತ್ತೀಚೆಗೆ ನಮ್ಮ ಸ್ಟಾಫ್ ರೂಮಿನಲ್ಲಿ, ಓದಿದವರ ನಡುವೆಯೇ, ಅದೇ ಮಾತು ಇನ್ನೊಂದು ವೇಷದಲ್ಲಿ ಬಂತು. “ದೇವದುರ್ಗದಂಥ ಹಿಂದುಳಿದ ತಾಲ್ಲೂಕಿನಾಗ ನೌಕರಿ ಮಾಡೋರಿಗೆ ಇಂಥ ಶೋಕಿ ಒಪ್ಪೂದಿಲ್ಲ ಬಿಡ್ರಿ” ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಅವರು ಕಾಲೇಜಿಗೆ ಬರುವುದು ಹದಿನೆಂಟು ಲಕ್ಷದ ಎಸ್‌ಯುವಿಯಲ್ಲಿ. ಆದ್ದರಿಂದ ಈ ಲೇಖನ.

ನಾನು ಮಾತಾಡುತ್ತಿರುವುದು ಹಾಟ್ ಹ್ಯಾಚ್ ಎಂದು ಕರೆಸಿಕೊಳ್ಳುವ ಕಾರುಗಳ ಬಗ್ಗೆ. ಹೊರಗಿನಿಂದ ನೋಡಿದರೆ ಇವು ಮನೆಮಂದಿ ಸಂತೆಗೆ, ಆಸ್ಪತ್ರೆಗೆ, ತವರಿಗೆ ಓಡಾಡುವ ಸಾದಾ ಐದು ಬಾಗಿಲ ಕಾರುಗಳೇ. ಒಳಗೆ ಮಾತ್ರ ಎಂಜಿನ್ ಜೋರಿನದು, ಸಸ್ಪೆನ್ಷನ್ ಬಿಗಿ, ಬ್ರೇಕು ಗಟ್ಟಿ, ಸ್ಟೀರಿಂಗ್ ಚುರುಕು. ಈ ಕಲ್ಪನೆಯನ್ನು ಲೋಕಪ್ರಿಯ ಮಾಡಿದ್ದು ಫೋಕ್ಸ್‌ವ್ಯಾಗನ್‌ನ ಗಾಲ್ಫ್ ಜಿಟಿಐ. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿ, 1976ರಲ್ಲಿ ಮಾರಾಟಕ್ಕೆ ಬಿಟ್ಟರು. ಐದು ಸಾವಿರ ಕಾರು ಮಾರಿದರೆ ಸಾಕು ಎಂದುಕೊಂಡಿದ್ದ ಕಂಪನಿ ಆ ಮೊದಲ ತಲೆಮಾರಿನಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾರಿತು. ಕಾರಣ ಸರಳ. ಅಲ್ಲಿಯವರೆಗೆ ಗಾಡಿ ಓಡಿಸುವ ಖುಷಿ ಎನ್ನುವುದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬಲ್ಲ ಸಿರಿವಂತರ ಸೊತ್ತಾಗಿತ್ತು. ಒಂದೇ ಕಾರು ಕೊಳ್ಳಬಲ್ಲ ಸಂಬಳದವರಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕಾರಿನಲ್ಲೇ ಆ ಖುಷಿ ಸಿಕ್ಕಿತು. ಹಾಟ್ ಹ್ಯಾಚ್ ಹುಟ್ಟಿನಿಂದಲೇ ಮಧ್ಯಮ ವರ್ಗದ ಗಾಡಿ. ಶೋಕಿ ಎಂದು ಬಯ್ಯುವವರು ಇದನ್ನು ತಿಳಿದಿರಬೇಕು.

ಭಾರತದಲ್ಲಿ ಈ ಜಾತಿಯ ಕಾರುಗಳ ಆಯುಷ್ಯ ಕಡಿಮೆ. 2001ರಲ್ಲಿ ನೂರು ಅಶ್ವಶಕ್ತಿಯ ಫಿಯಟ್ ಪಾಲಿಯೊ 1.6 ಬಂದಿತ್ತು, ಸಚಿನ್ ತೆಂಡೂಲ್ಕರ್ ಜಾಹೀರಾತು ಮಾಡಿದ ಗಾಡಿ. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, ಅದೂ ಹತ್ತು ಲಕ್ಷದ ಆಸುಪಾಸಿನಲ್ಲಿ. 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಟಿಯಾಗೊ ಜೆಟಿಪಿ. ಕೊನೆಯ ಎರಡೂ 2020ರ ಹೊತ್ತಿಗೆ ಮುಗಿದವು, ಅದಕ್ಕೂ ಮುಂಚೆ ಫಿಯಟ್ ಕಂಪನಿಯೇ ಕಾರು ಮಾರುವುದು ನಿಲ್ಲಿಸಿತು, ಪೋಲೊ 2022ರಲ್ಲಿ ನಿಂತಿತು. ಜಗತ್ತೆಲ್ಲ ಮೆಚ್ಚಿದ ಸ್ವಿಫ್ಟ್ ಸ್ಪೋರ್ಟ್‌ಅನ್ನು, ಸ್ವಿಫ್ಟ್ ಮನೆಮಾತಾದ ನಮ್ಮ ದೇಶದಲ್ಲಿ ಮಾರುತಿ ಮಾರಲೇ ಇಲ್ಲ. ಆಮೇಲೆ ಬಂದವು 2021ರ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್. ಎರಡೂ 120 ಅಶ್ವಶಕ್ತಿಯವು. 2025ರಲ್ಲಿ ನಿಜವಾದ ಗಾಲ್ಫ್ ಜಿಟಿಐ ಕೂಡ ಬಂತು, 53 ಲಕ್ಷಕ್ಕೆ. ಮಾನ್ವಿ ಕಡೆ ಆ ದುಡ್ಡಿಗೆ ಗದ್ದೆ ಬರುತ್ತದೆ, ಅದರ ಮಾತು ಬಿಡೋಣ. ನನ್ನದು 120ರ ಲೆಕ್ಕದ ಕಾರು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ.

ಈ ಕಾರುಗಳು ಯಾಕೆ ಸತ್ತವು? ಕಂಪನಿಗಳು “ಬೇಡಿಕೆ ಇಲ್ಲ” ಎನ್ನುತ್ತವೆ. ಬೇಡಿಕೆ ಹುಟ್ಟದಂತೆ ನೋಡಿಕೊಂಡದ್ದು ನನ್ನ ದೂರದ ಮಾವನ ಆ ಪ್ರಶ್ನೆ. ಇನ್ನೊಂದು ಲಕ್ಷ ಹಾಕಿದರೆ ದೊಡ್ಡ ಗಾಡಿ. ಆ ದೊಡ್ಡ ಗಾಡಿ ಏನೆಂದು ಬಾನೆಟ್ ಎತ್ತಿ ನೋಡಿದವರು ಎಷ್ಟು ಜನ? ಆಲ್ಟ್ರೋಜ್ ರೇಸರ್‌ನ 1.2 ಲೀಟರ್ ಟರ್ಬೊ ಎಂಜಿನ್, ನೆಕ್ಸಾನ್ ಪೆಟ್ರೋಲಿನಲ್ಲಿರುವ ಎಂಜಿನ್ನೇ. ಅದೇ 120, ಅದೇ 170 ನ್ಯೂಟನ್ ಮೀಟರ್ ಟಾರ್ಕ್. ಐ20 ಎನ್ ಲೈನ್‌ನ ಒಂದು ಲೀಟರ್ ಟರ್ಬೊ, ಟರ್ಬೊ ವೆನ್ಯೂನಲ್ಲಿಯೂ ಇದೆ. ಎರಡೂ ಜೋಡಿಗಳ ಉದ್ದ ನಾಲ್ಕು ಮೀಟರಿನ ಒಳಗೇ, ಯಾಕೆಂದರೆ ತೆರಿಗೆಯ ಗೆರೆ ಅಲ್ಲಿದೆ. ಅಂದರೆ ಅದೇ ಎಂಜಿನ್ನನ್ನು ಮರಗಾಲಿನ ಮೇಲೆ ನಿಲ್ಲಿಸಿ, ಮೈಗೆ ಒಂದಿಷ್ಟು ಕಪ್ಪು ಪ್ಲಾಸ್ಟಿಕ್ ಹಚ್ಚಿ, ಹೆಚ್ಚು ದುಡ್ಡಿಗೆ ಮಾರುತ್ತಾರೆ. ನಾವು “ಗಾಡಿ ಅಂದ್ರ ಹಿಂಗಿರಬೇಕು ನೋಡು” ಎಂದು ಕೊಳ್ಳುತ್ತೇವೆ. ಭಾರ ಮೇಲೆ ಹೋದಷ್ಟೂ ತಿರುವಿನಲ್ಲಿ ವಾಲುವುದು ಹೆಚ್ಚು, ಎಮ್ಮೆ ಅಡ್ಡ ಬಂದಾಗ ಗಕ್ಕನೆ ಹೊರಳಿಸುವುದು ಕಷ್ಟ. ಇದು ಪಿಯುಸಿ ಮಕ್ಕಳಿಗೂ ಗೊತ್ತಿರುವ ಭೌತಶಾಸ್ತ್ರ.

ಬೊಲೆರೊ ಬಗ್ಗೆ ನನಗೆ ತಕರಾರಿಲ್ಲ. ಅದು ದುಡಿಯುವ ಗಾಡಿ. ಗೊಬ್ಬರ ಹೇರುತ್ತದೆ, ಹೊಲದ ಬದುವಿನ ಮೇಲೆ ಹತ್ತುತ್ತದೆ, ಹೆರಿಗೆ ನೋವಿನವರನ್ನು ರಾತ್ರೋರಾತ್ರಿ ರಿಮ್ಸ್‌ಗೆ ತಲುಪಿಸುತ್ತದೆ. ನನ್ನ ತಕರಾರು ಡಾಂಬರು ಬಿಟ್ಟು ಕೆಳಗಿಳಿಯದ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗದ, ಡಿಸಿ ಆಫೀಸಿನ ಮುಂದೆ ಎರಡು ಗಾಡಿಯ ಜಾಗ ಹಿಡಿದು ನಿಲ್ಲುವ ಎಸ್‌ಯುವಿಗಳ ಬಗ್ಗೆ. “ನಮ್ಮ ರಸ್ತೆಗೆ ಎತ್ತರದ ಗಾಡೀನ ಬೇಕ್ರಿ” ಎನ್ನುತ್ತಾರೆ. ಸರಿ, ರಸ್ತೆ ಕೆಟ್ಟಿದೆ, ಒಪ್ಪಿದೆ. ಆದರೆ ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟು ಕೃಷ್ಣೆ ಹೂವಿನಹೆಡಗಿ ಸೇತುವೆಯ ಮೇಲೆ ಹರಿಯುವಾಗ ಫಾರ್ಚುನರ್ ಆದರೂ ಈಚೆ ದಡದಲ್ಲೇ ನಿಲ್ಲಬೇಕು, ನನ್ನ ಸಣ್ಣ ಗಾಡಿಯೂ ಅಲ್ಲೇ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ಎರಡೂ ಹೋಗುತ್ತವೆ. ಒಂದು ಸ್ವಲ್ಪ ನೋಡಿಕೊಂಡು ಹೋಗಬೇಕು, ಅಷ್ಟೇ.

ಎತ್ತರದ ಗಾಡಿಯ ನಿಜವಾದ ಕೆಲಸ ಬೇರೆ. ನಮ್ಮ ಭಾಗದ ಮದುವೆ ಮಾತುಕತೆಗಳಲ್ಲಿ ಕೂತವರಿಗೆ ಅದು ಗೊತ್ತು. ವರದಕ್ಷಿಣೆ ಎಂಬ ಶಬ್ದವನ್ನು ಯಾರೂ ಎತ್ತುವುದಿಲ್ಲ. “ಹುಡುಗನ ಮರ್ಯಾದಿಗೆ ತಕ್ಕಂಗ ಒಂದು ಗಾಡಿ” ಎನ್ನುತ್ತಾರೆ. ಆ ಮರ್ಯಾದೆಗೆ ನೆಲದಿಂದ ಇಂತಿಷ್ಟು ಎತ್ತರ ಎಂದು ಅಳತೆ ಇದೆ. ಹ್ಯಾಚ್‌ಬ್ಯಾಕ್ ಕೊಟ್ಟರೆ ಬೀಗರ ಮುಖ ಸಣ್ಣದಾಗುತ್ತದೆ. ಹೆಣ್ಣಿನ ಅಪ್ಪ ತುಂಗಭದ್ರಾ ಎಡದಂಡೆಯ ಎರಡು ಎಕರೆ ಒತ್ತೆ ಇಟ್ಟು ಕೊಡಿಸಿದ ಎಸ್‌ಯುವಿ ಅಗತ್ಯವಂತೆ, ನಾನು ನನ್ನ ಸಂಬಳದಲ್ಲಿ ಕಂತು ಕಟ್ಟುತ್ತಿರುವ ಕಾರು ಶೋಕಿಯಂತೆ!

ಈಗ ರಸ್ತೆಯ ವಿಷಯಕ್ಕೆ ಬರುತ್ತೇನೆ. ಕಾರಿನ ಬೆಲೆ ಶೋರೂಮಿನಲ್ಲಿ ತಿಳಿಯುವುದಿಲ್ಲ, ರಸ್ತೆಯ ಮೇಲೆ ತಿಳಿಯುತ್ತದೆ. ನನ್ನ ಮನೆ ರಾಯಚೂರಿನಲ್ಲಿ, ಕಾಲೇಜು ದೇವದುರ್ಗದಲ್ಲಿ, ತವರು ಮಾನ್ವಿಯಲ್ಲಿ. ವಾರದಲ್ಲಿ ಮೂರು ದಿನ ಕಾರು, ಉಳಿದ ದಿನ ಬಸ್ಸು. ಮಾನ್ವಿಯ ದಾರಿ ಕಲ್ಲೂರಿನ ಮೇಲೆ ಹೋಗುತ್ತದೆ. ಎರೆ ಭೂಮಿ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಹಾಸಿದ ಡಾಂಬರು ವರ್ಷ ತುಂಬುವುದರೊಳಗೆ ಅಲೆಅಲೆಯಾಗಿ ಏಳುತ್ತದೆ. ಮೆತ್ತನೆಯ ಸಸ್ಪೆನ್ಷನ್ನಿನ ಗಾಡಿ ಇಲ್ಲಿ ದೋಣಿಯಂತೆ ತೇಲುತ್ತದೆ, ಹಿಂದೆ ಕೂತ ಮಕ್ಕಳು ಕಲ್ಲೂರು ಬರುವುದರೊಳಗೆ ವಾಂತಿ ಮಾಡಿಕೊಳ್ಳುತ್ತಾರೆ. ಬಿಗಿಯಾದ ಗಾಡಿ ಪ್ರತಿ ಅಲೆಯನ್ನೂ ಲೆಕ್ಕ ಒಪ್ಪಿಸುತ್ತದೆ, ಆದರೆ ಒಮ್ಮೆ ಕುಣಿದು ಅಲ್ಲಿಗೇ ನಿಲ್ಲಿಸುತ್ತದೆ. ಭತ್ತದ ಕಟಾವಿನ ಕಾಲದಲ್ಲಿ ಇದೇ ರಸ್ತೆಯ ಅರ್ಧ ಭಾಗ ಒಣಹಾಕಿದ ಭತ್ತ. ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಇನ್ನರ್ಧದಲ್ಲಿ ಎರಡು ಟ್ರೇಲರ್ ತುಂಬ ಹುಲ್ಲು ಹೇರಿಕೊಂಡ, ಹಿಂದೆ ಒಂದೂ ದೀಪವಿಲ್ಲದ ಟ್ರ್ಯಾಕ್ಟರ್. ಎದುರಿನಿಂದ ಸಿಂಧನೂರಿನ ಬಸ್ಸು. ಆ ಟ್ರ್ಯಾಕ್ಟರ್ ದಾಟಲು ಸಿಗುವುದು ಕೆಲವೇ ಕ್ಷಣ. ಸಾದಾ ಸಣ್ಣ ಕಾರಿನಲ್ಲಿ ಒತ್ತಿದ ಮೇಲೆ ಎಂಜಿನ್ ಕೂಗುತ್ತದೆ, ಗಾಡಿ ಯೋಚಿಸುತ್ತದೆ, ಬಸ್ಸು ಹತ್ತಿರ ಬರುತ್ತದೆ. ಟರ್ಬೊ ಗಾಡಿಯಲ್ಲಿ ಹೊಗೆಯ ಒತ್ತಡವೇ ಒಂದು ಗಾಳಿಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದರಿಂದ, ಎರಡು ಸಾವಿರ ಆರ್‌ಪಿಎಂ ಒಳಗೇ ಪೂರ್ತಿ ಎಳೆತ ಸಿಗುತ್ತದೆ. ಮೂರನೇ ಗೇರು, ಒಂದು ಒತ್ತು, ದಾಟಿದೆವು, ಮತ್ತೆ ನಮ್ಮ ಎಡಕ್ಕೆ. ಇದನ್ನು ಶೋಕಿ ಎನ್ನುವವರು ಆ ಬಸ್ಸನ್ನು ಎದುರಿಗೆ ನೋಡಿಲ್ಲ.

ದೇವದುರ್ಗದ ದಾರಿ ಬೇರೆ ಥರ. ಶಾಸನಗಳ, ಹಳೆಯ ಗುಡಿಗಳ ಗಬ್ಬೂರು ದಾಟಿದ ಮೇಲೆ ಹತ್ತಿ ಹೊಲ, ತೊಗರಿ ಹೊಲ, ನಡುನಡುವೆ ಬಂಡೆಗಲ್ಲಿನ ಗುಡ್ಡ. ರಸ್ತೆ ಅಲ್ಲಲ್ಲಿ ಏರುತ್ತದೆ, ಬಳಸುತ್ತದೆ. ಮುಂಜಾನೆ ಎಂಟರ ಹೊತ್ತಿಗೆ ವಾಹನ ಕಡಿಮೆ. ನಾನು ಈ ಗಾಡಿಗೆ ಕೊಟ್ಟ ದುಡ್ಡು ಅಲ್ಲಿ ತಿರುವು ತಿರುವಿಗೂ ವಾಪಸು ಬರುತ್ತದೆ. ತಿರುವಿಗೆ ಮುಂಚೆ ಗೇರು ಇಳಿಸಿ, ಸ್ಟೀರಿಂಗ್ ಒಂದು ಸಲ ಹಿಡಿದರೆ ಗಾಡಿ ಅಲ್ಲಿಗೇ ಹೋಗುತ್ತದೆ. ಎರಡನೇ ಸಲ ತಿದ್ದುವ ಕೆಲಸವಿಲ್ಲ. ಸೀಟು ಸೊಂಟವನ್ನು ಬಿಡುವುದಿಲ್ಲ. ತಿರುವಿನ ಕೊನೆಯಲ್ಲಿ ಕಾಲು ಒತ್ತಿದರೆ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದ ಹಾಗೆ. ನನ್ನ ಅಪ್ಪ ಎಳೆಯ ಎತ್ತುಗಳನ್ನು ಬಂಡಿಗೆ ಕಟ್ಟಿದಾಗ, ಹಗ್ಗ ಅಲುಗಿಸುವ ಮುಂಚೆಯೇ ಅವು ಕಿವಿ ನಿಮಿರಿಸುತ್ತಿದ್ದವು. “ಕೈ ಮಾತು ಕೇಳ್ತಾವ ನೋಡು” ಎನ್ನುತ್ತಿದ್ದರು. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವ ಊರುಗಳಲ್ಲಿ ಹುಟ್ಟಿದ ನಮಗೆ ಈ ಖುಷಿ ಪರದೇಶದ್ದು ಎಂದು ಯಾರು ಹೇಳಿದರು?

ಇದಕ್ಕೆ ವೇಗ ಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹಾಟ್ ಹ್ಯಾಚ್ ಎಂದ ಕೂಡಲೇ ರೀಲ್ಸ್ ಮಾಡುವ ಹುಡುಗರು ನೆನಪಾಗುತ್ತಾರೆ. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ಇಂಥ ರಸ್ತೆಗಳಲ್ಲಿ ಕಾರಿನ ಗರಿಷ್ಠ ಮಿತಿ ಗಂಟೆಗೆ 70 ಕಿ.ಮೀ. ನಾನು ಹೇಳಿದ ಖುಷಿಯೆಲ್ಲ ಆ ಮಿತಿಯ ಒಳಗಿನದು, ಎರಡನೇ ಮತ್ತು ಮೂರನೇ ಗೇರಿನದು. ದೊಡ್ಡ ಭಾರದ ಗಾಡಿಗಳಲ್ಲಿ 110ಕ್ಕೆ ಹೋದರೂ ವೇಗ ಗೊತ್ತಾಗುವುದಿಲ್ಲ, ಅದಕ್ಕೇ ಅವು ಕುರಿ ಹಿಂಡಿನ ಮೇಲೆ ಹೋಗುತ್ತವೆ. ನೆಲಕ್ಕೆ ಹತ್ತಿರ ಕೂತರೆ 60 ಕೂಡ ಮೈಗೆ ತಿಳಿಯುತ್ತದೆ. ಮಾನ್ವಿ ರಸ್ತೆಯಲ್ಲಿ 140 ಹೊಡೆದೆ ಎಂದು ಮೊಬೈಲ್ ತೋರಿಸುವ ಹುಡುಗನಿಗೆ ಈ ಕಾರು ಕೊಡಿಸಬೇಡಿ. ಬೈಕನ್ನೂ ಕೊಡಿಸಬೇಡಿ. ಅವನ ತಂದೆತಾಯಿ ಮಗನಿಗೆ ಹದಿನೆಂಟು ತುಂಬಿದ ಹಬ್ಬಕ್ಕೆ ಸ್ಕಾರ್ಪಿಯೊ ಕೀಲಿ ಕೊಟ್ಟಾಗ ಮಾತ್ರ ಊರಿನವರು ಹಾರ ಹಾಕಿ ಫೋಟೊ ತೆಗೆಸಿಕೊಂಡರು.

ಖರ್ಚಿನ ಲೆಕ್ಕ ಮುಚ್ಚಿಡುವುದಿಲ್ಲ. ವರ್ಷಕ್ಕೆ ನನ್ನ ಓಡಾಟ ಸುಮಾರು 15,000 ಕಿ.ಮೀ. ನನ್ನ ಗಾಡಿ ಲೀಟರಿಗೆ 14 ಕೊಡುತ್ತದೆ. ಊರೊಳಗೆ ಇನ್ನೂ ಕಡಿಮೆ. ಸಾದಾ ಹ್ಯಾಚ್‌ಬ್ಯಾಕ್ ನನ್ನ ದಾರಿಯಲ್ಲಿ 20 ಕೊಡುತ್ತದೆ ಎಂದು ಇಟ್ಟುಕೊಳ್ಳಿ. ಪೆಟ್ರೋಲ್ ನೂರು ರೂಪಾಯಿ ಎಂದೇ ಹಿಡಿದರೂ ವರ್ಷಕ್ಕೆ 32,000 ರೂಪಾಯಿ ವ್ಯತ್ಯಾಸ. ತಿಂಗಳಿಗೆ 2,700. ಟೈರಿನದು ಇನ್ನೊಂದು ಕಥೆ. 195/55, 16 ಇಂಚಿನ ಟೈರು ನೋಡಲು ಚಂದ, ಆದರೆ ರಿಮ್ಮಿಗೂ ನೆಲಕ್ಕೂ ನಡುವೆ ಇರುವ ರಬ್ಬರು ಹನ್ನೊಂದು ಸೆಂಟಿಮೀಟರೂ ಇಲ್ಲ. ಗಬ್ಬೂರಿನ ಈಚೆ ಒಂದು ಗುಂಡಿಯಲ್ಲಿ ಇಳಿದಾಗ ಟೈರಿನ ಪಕ್ಕೆ ಬೋಂಡದಂತೆ ಉಬ್ಬಿತು. ಪಂಕ್ಚರ್ ಅಂಗಡಿಯವ ನೋಡಿ, “ಇದು ನಮ್ಮ ಕಡೆ ಟೈರ್ ಅಲ್ರಿ ಅಕ್ಕಾರ” ಎಂದ. ಆ ಅಳತೆಯ ಟೈರು ರಾಯಚೂರಿನಲ್ಲಿ ಸಿಗಲಿಲ್ಲ, ಹೈದರಾಬಾದಿನಿಂದ ಬರುವವರೆಗೆ ನಾಲ್ಕು ದಿನ ಬಸ್ಸು. ಸರ್ವಿಸ್ ಮಾಡಿಸುವಲ್ಲಿ ಟರ್ಬೊ ಎಂದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಾವ ಎಣ್ಣೆ ಹಾಕಬೇಕು ಎಂದು ಪುಸ್ತಕ ತೆಗೆದು ನಾನೇ ತೋರಿಸುತ್ತೇನೆ. ಗಾಳಿ ಫಿಲ್ಟರನ್ನು ಪುಸ್ತಕ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕು, ಎರೆ ಮಣ್ಣಿನ ಧೂಳು ಪುಸ್ತಕ ಓದಿಲ್ಲ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬಿಸಿ ಗಾಳಿ ತೆಳು, ಎಂಜಿನ್ನಿಗೆ ಸಿಗುವ ಆಮ್ಲಜನಕ ಕಡಿಮೆ, ಟರ್ಬೊದ ಉತ್ಸಾಹ ಮಧ್ಯಾಹ್ನ ಎರಡರ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳ ಉತ್ಸಾಹದಂತೆಯೇ ಇಳಿದಿರುತ್ತದೆ. ಮತ್ತು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ, ಸ್ಪೋರ್ಟ್ಸ್ ಎಂದ ಕೂಡಲೇ ಒಳಗೆಲ್ಲ ಕಪ್ಪು: ಕಪ್ಪು ಸೀಟು, ಕಪ್ಪು ಛಾವಣಿ, ಮೇಲೊಂದು ಕೆಂಪು ಹೊಲಿಗೆ. ಬೇವಿನ ಮರದ ನೆರಳು ಸಿಗದ ದಿನ ಆ ಸೀಟಿನ ಮೇಲೆ ರೊಟ್ಟಿ ಬೇಯಿಸಬಹುದು. ಅವ್ವನಿಗೆ ಮೊಣಕಾಲು ನೋವು, ಈ ಗಾಡಿಯಲ್ಲಿ ಕೂತರೆ ಏಳುವುದು ಕಷ್ಟ. (ಎತ್ತರದ ಗಾಡಿಗೆ ಹತ್ತುವುದೂ ಆಕೆಗೆ ಕಷ್ಟವೇ, ನನ್ನ ತಮ್ಮ ಅದಕ್ಕೊಂದು ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಂಡಿದ್ದಾನೆ.)

ಕೊಳ್ಳುವಾಗಿನ ಇನ್ನೊಂದು ಸಂಗತಿ, ಯಾರೂ ಮೊದಲೇ ಹೇಳುವುದಿಲ್ಲ. ಕರ್ನಾಟಕದಲ್ಲಿ ಹತ್ತು ಲಕ್ಷಕ್ಕೆ ಸ್ವಲ್ಪ ಒಳಗಿನ ಕಾರಿಗೆ ರಸ್ತೆ ತೆರಿಗೆ ಶೇ 14, ಹತ್ತು ದಾಟಿದರೆ ಪೂರ್ತಿ ಬೆಲೆಯ ಮೇಲೆ ಶೇ 17, ಅದರ ಮೇಲೆ ಸೆಸ್. ಬೆಲೆಯಲ್ಲಿ ಇಪ್ಪತ್ತು ಸಾವಿರದ ವ್ಯತ್ಯಾಸ ತೆರಿಗೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚಾಗಿ ಬಂದು ಕೂರುತ್ತದೆ. 2025ರ ಸೆಪ್ಟೆಂಬರ್ 22ರಿಂದ 1,200 ಸಿಸಿ ಒಳಗಿನ, ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಈಗ ಕೊಳ್ಳುವವರಿಗೆ ಲಾಭ. ನನಗೆ ಆ ಭಾಗ್ಯ ಇರಲಿಲ್ಲ.

ಇಷ್ಟೆಲ್ಲ ಸೇರಿಸಿದರೂ, ನನ್ನ ತಿಂಗಳ ಹೆಚ್ಚುವರಿ ಖರ್ಚು ನಾಲ್ಕು ಸಾವಿರ ದಾಟುವುದಿಲ್ಲ. ಆ ನಾಲ್ಕು ಸಾವಿರಕ್ಕೆ ಪ್ಲಾಟು ಬರುವುದಿಲ್ಲ, ಬಂಗಾರವೂ ಬರುವುದಿಲ್ಲ. “ಕಾರು ಮನಿಗೆ ಬಂದ ದಿನದಿಂದ ಬೆಲಿ ಕಳಕೊಳ್ತದ” ಎನ್ನುತ್ತಾರೆ ತವರಿನವರು. ಎಲ್ಲ ಕಾರೂ ಬೆಲೆ ಕಳೆದುಕೊಳ್ಳುತ್ತದೆ, ದೊಡ್ಡದು ದೊಡ್ಡ ಮೊತ್ತವನ್ನೇ ಕಳೆದುಕೊಳ್ಳುತ್ತದೆ. ಹೇಗೂ ಕರಗುವ ದುಡ್ಡು ನಿಂತು ಕರಗುವುದಕ್ಕಿಂತ ಓಡಿ ಕರಗಲಿ. ಮಾನ್ವಿ ಜಗನ್ನಾಥದಾಸರ ಊರು, ಆ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರದು. ವೈರಾಗ್ಯದ ಪಾಠ ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಆ ಪಾಠವನ್ನು ಇಪ್ಪತ್ತು ಲಕ್ಷದ ಗಾಡಿಯಿಂದ ಇಳಿದು, ಕೀಲಿ ಬೆರಳಲ್ಲಿ ತಿರುಗಿಸುತ್ತ ಹೇಳುವವರ ಬಾಯಿಂದ ಕೇಳಲು ನನಗೆ ತಾಳ್ಮೆಯಿಲ್ಲ. ದಾಸರು ನಡೆದೇ ಹೋಗುತ್ತಿದ್ದರು.

ಸಹೋದ್ಯೋಗಿಯ ಮಾತಿನಲ್ಲಿ ಒಂದು ಗಟ್ಟಿ ಭಾಗವಿದೆ, ಅದನ್ನು ಬಿಟ್ಟು ಓಡುವುದಿಲ್ಲ. 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಪಟ್ಟಿ ಮಾಡಿದ 39ರಲ್ಲಿ ದೇವದುರ್ಗ ಒಂದು. ಇಲ್ಲಿಂದ ಇಂದಿಗೂ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ನನ್ನ ತರಗತಿಯ ಅರ್ಧ ಮಕ್ಕಳು ಮೊದಲ ಪಿರಿಯಡ್ಡಿಗೆ ಬರುವುದಿಲ್ಲ, ಬಸ್ಸು ಬಂದಿರುವುದಿಲ್ಲ. ಬಂದರೂ ಕಾಲಿಡಲು ಜಾಗವಿರುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿದೆ, ಅದು ಒಳ್ಳೆಯದೇ, ಅದಕ್ಕೆ ತಕ್ಕಷ್ಟು ಬಸ್ಸು ಹೆಚ್ಚಿಲ್ಲ. ಇಂಥ ಊರಿನಲ್ಲಿ 120 ಅಶ್ವಶಕ್ತಿಯ ಮಾತಾಡುವುದು ನಾಚಿಕೆಗೇಡು ಎಂದರೆ, ವಾರದಲ್ಲಿ ಮೂರು ದಿನ ಬಸ್ಸಿನ ಕಂಬ ಹಿಡಿದು ನಿಲ್ಲುವವಳಾಗಿ ಅದನ್ನು ಕೇಳಿಸಿಕೊಳ್ಳುತ್ತೇನೆ. ಬಸ್ಸು ಮೊದಲು ಬರಬೇಕು, ಕಾರು ಆಮೇಲೆ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಆ ನಾಚಿಕೆಯ ಪ್ರಶ್ನೆ ಯಾರಿಗೆ ಹೋಗುತ್ತದೆ ನೋಡಿ. ಟೆಂಡರ್ ದಿನ ತಾಲ್ಲೂಕು ಆಫೀಸಿನ ಮುಂದೆ ಸಾಲಾಗಿ ನಿಲ್ಲುವ ಬಿಳಿ ಗಾಡಿಗಳಿಗೆ ಹೋಗುವುದಿಲ್ಲ. ಅವು “ಕೆಲಸಕ್ಕೆ ಬೇಕು”. ಹಿಂದುಳಿದ ನಾಡಿನವರಿಗೆ ಅಗತ್ಯ ಇರಬಹುದು, ಪ್ರತಿಷ್ಠೆಯೂ ಇರಬಹುದು, ಬರೀ ಖುಷಿಗಾಗಿ ಒಂದು ಆಸೆ ಇರಬಾರದು ಎಂಬ ನಂಬಿಕೆ ಬೆಂಗಳೂರಿನವರಲ್ಲಿ ಮಾತ್ರ ಇಲ್ಲ, ನಾವೇ ಅದನ್ನು ಕಲಿತು ನಮ್ಮವರಿಗೆ ಕಲಿಸುತ್ತಿದ್ದೇವೆ. 371(ಜೆ) ಮೀಸಲಾತಿ, ನೀರಾವರಿ, ಏಮ್ಸ್, ಎಲ್ಲವನ್ನೂ ಕೇಳುತ್ತೇವೆ, ಕೇಳಲೇಬೇಕು. ಚೆನ್ನಾಗಿ ಮಾಡಿದ ಒಂದು ಯಂತ್ರವನ್ನು ಅದು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಇಷ್ಟಪಡುವುದಕ್ಕೆ ಮಾತ್ರ ಯಾರದೋ ಅಪ್ಪಣೆ ಬೇಕೆಂದುಕೊಂಡಿದ್ದೇವೆ. ನನ್ನ ಕಾರು ನೋಡಿ ಸರಿಯಾದ ಪ್ರಶ್ನೆ ಕೇಳಿದವನು ಈವರೆಗೆ ಒಬ್ಬನೇ. ದೇವದುರ್ಗ ತಾಲ್ಲೂಕಿನ ತಾಂಡಾದ ಹುಡುಗ, ಅವನ ಅಪ್ಪ ಅವ್ವ ಗುಳೆ ಹೋಗಿ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿದವರು, ಅವನು ಅಲ್ಲಿ ಕ್ಯಾಬ್ ಓಡಿಸುತ್ತಾನೆ. ಹಬ್ಬಕ್ಕೆ ಬಂದವನು ಚಹಾದ ಅಂಗಡಿಯ ಮುಂದೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ, “ಅಕ್ಕಾ, ತಿರುವಿನ್ಯಾಗ ಹ್ಯಾಂಗ ಹಿಡಿತೈತ್ರಿ?” ಎಂದ. ಮೈಲೇಜ್ ಕೇಳಲಿಲ್ಲ, ಬೆಲೆ ಕೇಳಲಿಲ್ಲ. ದಿನಕ್ಕೆ ಹನ್ನೆರಡು ತಾಸು ಇನ್ನೊಬ್ಬರಿಗಾಗಿ ಸ್ಟೀರಿಂಗ್ ಹಿಡಿಯುವವನಿಗೆ ಆ ಪ್ರಶ್ನೆ ಹೊಳೆಯಿತು. ಕೀಲಿ ಕೊಟ್ಟೆ. ಎಂಟು ನಿಮಿಷಕ್ಕೆ ಬಂದ, ಎಂಜಿನ್ ಆರಿಸುವ ಮುಂಚೆ ಅರ್ಧ ನಿಮಿಷ ಹಾಗೇ ಬಿಟ್ಟ. ಟರ್ಬೊ ತಣ್ಣಗಾಗಲಿ ಎಂದು, ನಾನು ಹೇಳದೆಯೇ.

ಹೆಣ್ಣುಮಕ್ಕಳ ವಿಷಯ ಬಂದರೆ ಈ ಅಪ್ಪಣೆಯ ಪಟ್ಟಿ ಇನ್ನೂ ಉದ್ದ. ಶೋರೂಮಿನ ಹುಡುಗ ನನಗೆ ಮುಖ ನೋಡಿಕೊಳ್ಳುವ ಕನ್ನಡಿ ತೋರಿಸಿದ, ನನ್ನ ಗಂಡನಿಗೆ ಎಂಜಿನ್ ತೋರಿಸಿದ. ನನ್ನ ಗಂಡನಿಗೆ ಕ್ಲಚ್ ಬಿಡಲು ಬರುವುದಿಲ್ಲ. ನಾನು ಕಲಿತದ್ದು ಅಪ್ಪನ ಟ್ರ್ಯಾಕ್ಟರ್ ಮೇಲೆ, ಕೆಸರು ಗದ್ದೆಯಲ್ಲಿ. “ಮೇಡಂ, ಆಟೊಮ್ಯಾಟಿಕ್ ತಗೋರಿ, ಲೇಡೀಸ್‌ಗೆ ಆರಾಮ” ಎಂದ. ಗೇರು ನನ್ನ ಕೈಯಲ್ಲಿ ಇರಲಿ ಎಂದೇ ನಾನು ಬಂದದ್ದು ಎಂದರೆ ಗಂಡನ ಮುಖ ನೋಡಿದ. ಊರಿನಲ್ಲಿ ಸಣ್ಣ ಗಾಡಿಗೆ “ಲೇಡೀಸ್ ಗಾಡಿ” ಎಂದೇ ಹೆಸರು, ದೊಡ್ಡದು ಗಂಡಸರದು. ಹೆಂಗಸು ಒಬ್ಬಳೇ ಕಾರು ಓಡಿಸಿದರೆ ಅದಕ್ಕೆ ಒಂದು ಕಾರಣವಿರಬೇಕು: ಮಗುವಿನ ಶಾಲೆ, ಅತ್ತೆಯ ಡಾಕ್ಟರು, ನೌಕರಿ. ಓಡಿಸುವುದು ಇಷ್ಟ ಎಂಬುದು ಕಾರಣಗಳ ಪಟ್ಟಿಯಲ್ಲಿ ಇಲ್ಲ. ನನ್ನ ಹನ್ನೊಂದು ಲಕ್ಷದಲ್ಲಿ ಎಷ್ಟು ತೊಲ ಬಂಗಾರ ಬರುತ್ತಿತ್ತು ಎಂದು ಲೆಕ್ಕ ಹಾಕಿದವರಲ್ಲಿ ಹೆಂಗಸರೇ ಹೆಚ್ಚು. ಆ ಬಂಗಾರ ಲಾಕರಿನಲ್ಲಿ ಇರುತ್ತಿತ್ತು, ನಾನು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಇರುತ್ತಿದ್ದೆ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಮನೆಗೆ ಒಂದೇ ಗಾಡಿ, ಅದರಲ್ಲೇ ಹೊಲಕ್ಕೂ ಹೋಗಬೇಕು, ಆರು ಮಂದಿ ಜಾತ್ರೆಗೂ ಹೋಗಬೇಕು ಎನ್ನುವವರು ಬೊಲೆರೊ ತೆಗೆದುಕೊಳ್ಳಿ, ನನ್ನ ಆಶೀರ್ವಾದವಿದೆ. ಸ್ಟೀರಿಂಗ್ ಹಿಡಿಯುವುದು ಬೇಸರದ ಕೆಲಸ ಎನ್ನುವವರು ಯಾವುದಾದರೂ ಮೈಲೇಜಿನ ಕಾರು ಕೊಂಡು ಉಳಿದ ದುಡ್ಡಿಗೆ ಪ್ಲಾಟಿನ ಕಂತು ಕಟ್ಟಿ. ಆದರೆ ರಸ್ತೆ ನೋಡಿದರೆ ಕೈ ಬೆರಳು ತಾನಾಗಿ ಬಿಗಿಯಾಗುವ ಕೆಲವರು ಇದ್ದೀರಿ, ನಿಮಗೆ ಗೊತ್ತು ನೀವು ಯಾರೆಂದು. ಮಾವಂದಿರ ಮಾತು ಕೇಳಿ ಮರಗಾಲಿನ ಗಾಡಿ ಕೊಂಡು ಐದು ವರ್ಷ ಕಂತು ಕಟ್ಟುತ್ತ ಕೊರಗಬೇಡಿ. ಹೊಸದು ಕೊಳ್ಳುವುದಾದರೆ ಬೆಲೆ ಹತ್ತು ಲಕ್ಷದ ಗೆರೆಯ ಯಾವ ಕಡೆಗಿದೆ ನೋಡಿ. ಟೆಸ್ಟ್ ಡ್ರೈವ್ ಎಂದು ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಸುತ್ತಿಸುತ್ತಾರೆ, ಒಪ್ಪಬೇಡಿ. ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಗಬ್ಬೂರಿನವರೆಗೆ ಹೋಗಿ ಬನ್ನಿ, ಎಲ್ಲಿ ತಳ ತಾಗುತ್ತದೆ ಎಂದು ಆಗ ತಿಳಿಯುತ್ತದೆ.

ಹಳೆಯದು ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ತಯಾರಿಕೆ ನಿಂತ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ, ಹುಡುಗರು ಹಿಂಡಿ ಹಿಪ್ಪೆ ಮಾಡಿ ಮಾರುವುದೂ ಇವನ್ನೇ. ಬಿಡಿಭಾಗ ರಾಯಚೂರಿನಲ್ಲಿ ಸಿಗುತ್ತದೆಯೇ, ಇಲ್ಲ ಹೈದರಾಬಾದಿಗೆ ಫೋನು ಮಾಡಬೇಕೇ ಎಂದು ಮೊದಲು ವಿಚಾರಿಸಿ. ಎಂಜಿನ್ ಟ್ಯೂನ್ ಮಾಡಿಸಿದ ಗಾಡಿಯಾದರೆ ದೂರ ಇರಿ. ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ ಮೊದಲ ಸ್ಟಾರ್ಟ್ ನೀವೇ ಮಾಡಿ, ನೀಲಿ ಹೊಗೆ ಬಂದರೆ ಚಹಾ ಕುಡಿದು ವಾಪಸು ಬನ್ನಿ. ನಾಲ್ಕು ಟೈರಿನ ಬೆಲೆಯನ್ನು ಗಾಡಿಯ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ. ಬಣ್ಣ ಬಿಳಿ ಇರಲಿ.